ಎಲ್ಲರಿಗಾಗಿ ಒಂದು ಭಾಷೆ ಕಟ್ಟಿದ ಕಣ್ಣಿನ ವೈದ್ಯರು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವೇ ಆಗದಿದ್ದರೆ ಏನು ಮಾಡುವುದು? ಸುಮಾರು ನೂರೈವತ್ತು ವರ್ಷಗಳ ಹಿಂದೆ ಪೂರ್ವ ಯೂರೋಪಿನ ಒಬ್ಬ ಬಾಲಕನನ್ನು ಈ ಪ್ರಶ್ನೆ ಬಹಳವಾಗಿ ಕಾಡಿತು.

ಮಕ್ಕಳೇ, ನಿಮ್ಮಲ್ಲಿ ಕೆಲವರಿಗೆ ಅಂಚೆಚೀಟಿ ಸಂಗ್ರಹಿಸುವ ಹವ್ಯಾಸವಿದೆ, ಕೆಲವರಿಗೆ ಚಿತ್ರ ಬಿಡಿಸುವ ಹವ್ಯಾಸವಿದೆ. ದೊಡ್ಡವರಿಗೆ ತಿಳಿಯದಂತೆ ಗುಟ್ಟು ಹೇಳಲು ಪ್ರತಿ ಅಕ್ಷರಕ್ಕೂ ‘ಕ’ ಸೇರಿಸಿ ಮಾತನಾಡುವ ಆಟವೂ ನಮ್ಮಲ್ಲಿ ಹಳೆಯದೇ. ಕೆಲವರು ಇದಕ್ಕಿಂತ ಮುಂದೆ ಹೋಗಿ ಹೊಸ ಭಾಷೆಯನ್ನೇ ಕಟ್ಟುತ್ತಾರೆ. ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ತಮ್ಮ ಕಥೆಯ ಎಲ್ಫ್‌ಗಳಿಗಾಗಿ ಭಾಷೆಗಳನ್ನು ರೂಪಿಸಿದ್ದು ನಿಮಗೆ ಗೊತ್ತಿರಬಹುದು. ಆದರೆ ಹವ್ಯಾಸವಾಗಿ ಹುಟ್ಟಿದ ಒಂದು ಭಾಷೆ ಪುಸ್ತಕದಿಂದ ಹೊರಗೆ ಬಂದು ದೇಶದೇಶಗಳ ಜನರ ನಾಲಿಗೆಯ ಮೇಲೆ ನಿಂತದ್ದು ಬಹಳ ಅಪರೂಪ. ಆ ಭಾಷೆಯೇ ಎಸ್ಪೆರಾಂಟೊ. ಅದರ ಜನಕರೇ ಡಾ. ಲುಡ್ವಿಕ್ ಲಾಜರ್ ಜಾಮೆನ್‌ಹಾಫ್.

ಜಾಮೆನ್‌ಹಾಫರು 1859ರ ಡಿಸೆಂಬರ್ 15ರಂದು ಬಿಯಾಲಿಸ್ಟೋಕ್ ಎಂಬ ಊರಿನಲ್ಲಿ ಒಂದು ಯಹೂದಿ ಕುಟುಂಬದಲ್ಲಿ ಜನಿಸಿದರು. ಇಂದು ಪೋಲೆಂಡಿನಲ್ಲಿರುವ ಆ ಊರು ಆಗ ರಷ್ಯಾ ಸಾಮ್ರಾಜ್ಯದಲ್ಲಿತ್ತು. ತಂದೆ ಮಾರ್ಕಸ್ ಭಾಷಾ ಶಿಕ್ಷಕರು, ಬಹಳ ಶಿಸ್ತಿನ ಮನುಷ್ಯ. ತಾಯಿ ರೋಜಾಲಿಯಾ ಮೃದು ಸ್ವಭಾವದವರು. ಮನೆಯಲ್ಲಿ ರಷ್ಯನ್ ಮತ್ತು ಯಿಡ್ಡಿಷ್ ಕೇಳಿಬರುತ್ತಿದ್ದವು. ಬೀದಿಗೆ ಇಳಿದರೆ ಪೋಲಿಷ್, ಜರ್ಮನ್, ಬೆಲರೂಸಿನ ಮಾತು. ಇಷ್ಟೊಂದು ಭಾಷೆಗಳ ಊರು ಎಷ್ಟು ಚೆನ್ನ ಎಂದು ನಮಗೆ ಅನ್ನಿಸಬಹುದು. ಆದರೆ ಅಲ್ಲಿ ಒಬ್ಬೊಬ್ಬರು ಇನ್ನೊಬ್ಬರನ್ನು ಶತ್ರುವಿನಂತೆ ಕಾಣುತ್ತಿದ್ದರು. ಮನುಷ್ಯರೆಲ್ಲ ಒಂದೇ ಎಂದು ಮನೆಯಲ್ಲಿ ಕಲಿತ ಬಾಲಕ ಹೊರಗೆ ಬಂದರೆ ಕಾಣುತ್ತಿದ್ದುದು ಬರೀ ರಷ್ಯನ್ನರು, ಪೋಲರು, ಜರ್ಮನ್ನರು, ಯಹೂದಿಗಳು. ದೊಡ್ಡವನಾದ ಮೇಲೆ ಈ ಕೇಡನ್ನು ಹೋಗಲಾಡಿಸಲೇಬೇಕು ಎಂದು ಅವನು ಎಳೆಯ ವಯಸ್ಸಿನಲ್ಲೇ ಸಂಕಲ್ಪ ಮಾಡಿದ.

1873ರಲ್ಲಿ ಕುಟುಂಬ ವಾರ್ಸಾ ನಗರಕ್ಕೆ ಬಂದಿತು. ಪ್ರೌಢಶಾಲೆಯಲ್ಲಿ ಲ್ಯಾಟಿನ್, ಗ್ರೀಕ್ ಕಲಿತ ಲುಡ್ವಿಕ್ ಮೊದಲು ಈ ಹಳೆಯ ಭಾಷೆಗಳಲ್ಲೊಂದನ್ನು ಎಲ್ಲರೂ ಮತ್ತೆ ಆಡುವಂತೆ ಮಾಡಿದರೆ ಹೇಗೆ ಎಂದು ಯೋಚಿಸಿದ. ಅವುಗಳ ವ್ಯಾಕರಣದ ಭಾರ ನೋಡಿ ಆ ಆಸೆ ಬಿಟ್ಟ. ಆಮೇಲೆ ಇಂಗ್ಲಿಷ್ ಕಲಿತಾಗ, ಕ್ರಿಯಾಪದಕ್ಕೆ ಅಷ್ಟೊಂದು ರೂಪಗಳಿಲ್ಲದೆಯೂ ಭಾಷೆ ನಡೆಯುತ್ತದೆ ಎಂಬುದು ಅವನಿಗೆ ಹೊಳೆಯಿತು. ವ್ಯಾಕರಣ ಹಗುರವಾಯಿತು, ಆದರೆ ಸಾವಿರಾರು ಪದಗಳನ್ನು ಬಾಯಿಪಾಠ ಮಾಡುವ ಕಷ್ಟ ಉಳಿಯಿತು. ಒಂದು ದಿನ ಬೀದಿಯಲ್ಲಿ ನಡೆಯುವಾಗ ಕಾವಲುಗಾರನ ಕೋಣೆಯ ಫಲಕ ಮತ್ತು ಮಿಠಾಯಿ ಅಂಗಡಿಯ ಫಲಕ ಎರಡೂ ‘ಸ್ಕಾಯಾ’ ಎಂದು ಕೊನೆಯಾಗುವುದನ್ನು ಗಮನಿಸಿದ. ದಿನವೂ ನೋಡುತ್ತಿದ್ದ ಫಲಕಗಳೇ ಅವು. ಒಂದು ಪ್ರತ್ಯಯ ಸೇರಿಸಿದರೆ ಒಂದು ಪದದಿಂದ ಹಲವು ಪದ ಹುಟ್ಟುತ್ತವೆ ಎಂಬುದು ಅವನಿಗೆ ಅಂದು ತಿಳಿಯಿತು. ನಮ್ಮ ಕನ್ನಡದಲ್ಲೂ ‘ಗಾರ’ ಎಂಬ ಪ್ರತ್ಯಯ ಸೇರಿದರೆ ಹಾಡುಗಾರ, ಮಾತುಗಾರ, ಜೊತೆಗಾರ ಎಂದು ಪದಗಳು ಸಾಲಾಗಿ ಬರುತ್ತವಲ್ಲವೇ? ಹಾಗೆಯೇ.

1878ರ ಡಿಸೆಂಬರಿನಲ್ಲಿ, ಹತ್ತೊಂಬತ್ತನೆಯ ಹುಟ್ಟುಹಬ್ಬದ ಹೊತ್ತಿಗೆ, ಲುಡ್ವಿಕ್ ಸಹಪಾಠಿಗಳನ್ನು ಮನೆಗೆ ಕರೆದು ತನ್ನ ಭಾಷೆಯ ಜನ್ಮೋತ್ಸವ ಆಚರಿಸಿದ. ಮೇಜಿನ ಮೇಲೆ ವ್ಯಾಕರಣ, ಪದಕೋಶ ಮತ್ತು ಕೆಲವು ಅನುವಾದಗಳಿದ್ದವು. ಹುಡುಗರೆಲ್ಲ ಹೊಸ ಭಾಷೆಯಲ್ಲಿ ಹಾಡಿದರು. ಆದರೆ ಶಾಲೆ ಮುಗಿದು ಹೊರ ಜಗತ್ತಿಗೆ ಕಾಲಿಟ್ಟಾಗ ಹಿರಿಯರ ನಗೆಗೆ ಹೆದರಿ ಅವರಲ್ಲಿ ಹೆಚ್ಚಿನವರು ಹಿಂದೆ ಸರಿದರು. ಲುಡ್ವಿಕ್ ಒಬ್ಬನೇ ಉಳಿದ.

1879ರಲ್ಲಿ ವೈದ್ಯಕೀಯ ಓದಲು ಮಾಸ್ಕೋಗೆ ಹೊರಟಾಗ, ಓದು ಮುಗಿಯುವ ತನಕ ಭಾಷೆಯ ಹುಚ್ಚು ಬೇಡವೆಂದು ತಂದೆ ಮಾತು ತೆಗೆದುಕೊಂಡು ಬರಹಗಳನ್ನೆಲ್ಲ ತಮ್ಮ ಬಳಿ ಇಟ್ಟುಕೊಂಡರು. ಮಗನ ಭವಿಷ್ಯದ ಚಿಂತೆ ಅವರದು. ಎರಡು ವರ್ಷಗಳ ಬಳಿಕ ಮಗ ಹಿಂದಿರುಗಿದಾಗ ಆ ಬರಹಗಳು ಇರಲಿಲ್ಲ, ತಂದೆಯೇ ಸುಟ್ಟುಹಾಕಿದ್ದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಮಗ ಜಗಳವಾಡಲಿಲ್ಲ. ನೆನಪಿನಿಂದಲೇ ಎಲ್ಲವನ್ನೂ ಮತ್ತೆ ಬರೆದ. ಮುಂದಿನ ಆರು ವರ್ಷ ತಿದ್ದಿ ತೀಡಿ, ಅನುವಾದ ಮಾಡಿ, ತನ್ನಷ್ಟಕ್ಕೆ ತಾನೇ ಆ ಭಾಷೆಯಲ್ಲಿ ಯೋಚಿಸಿ ಅದನ್ನು ಪಳಗಿಸಿದ. ಪೋಷಕರೂ ಮಕ್ಕಳೂ ಈ ಘಟನೆಯನ್ನು ಒಟ್ಟಿಗೆ ಓದಬೇಕೆಂದು ನಮ್ಮ ಆಸೆ.

ಇದೇ ಸಮಯದಲ್ಲಿ ಜಾಮೆನ್‌ಹಾಫರನ್ನು ರಾಜಕೀಯವೂ ಸೆಳೆಯಿತು. 1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಕೊಲೆಯಾದ ಮೇಲೆ ಯಹೂದಿಗಳ ಮೇಲೆ ಊರೂರಲ್ಲಿ ಹಲ್ಲೆ, ಲೂಟಿ ನಡೆದವು. ಆ ವರ್ಷದ ಕ್ರಿಸ್‌ಮಸ್ ದಿನಗಳಲ್ಲಿ ವಾರ್ಸಾದಲ್ಲೂ ನಡೆದವು. ಯಹೂದಿಗಳಿಗೆ ತಮ್ಮದೇ ನೆಲ ಬೇಕು ಎಂಬ ಚಳವಳಿಗೆ ತರುಣ ಜಾಮೆನ್‌ಹಾಫರು ಸೇರಿದರು. ಲೇಖನ ಬರೆದರು, ಯುವಕರನ್ನು ಸಂಘಟಿಸಿದರು. ತಮ್ಮ ಜನರ ಯಿಡ್ಡಿಷ್ ಭಾಷೆಗೊಂದು ವ್ಯಾಕರಣವನ್ನೂ ರಚಿಸಿದರು. ಆದರೆ ಕೆಲವೇ ವರ್ಷಗಳಲ್ಲಿ ಆ ದಾರಿಯನ್ನು ಬಿಟ್ಟರು. ಒಂದು ಜನಾಂಗದ ಪರವಾಗಿ ನಿಂತರೆ ಇನ್ನೊಂದರ ಎದುರು ನಿಲ್ಲಬೇಕಾಗುತ್ತದೆ, ಆಗ ಬಾಲ್ಯದ ಸಂಕಲ್ಪ ನೆರವೇರದು ಎಂದು ಅವರಿಗೆ ತೋರಿತು.

1885ರಲ್ಲಿ ವೈದ್ಯರಾದ ಅವರು ಹಳ್ಳಿಯೊಂದರಲ್ಲಿ ವೃತ್ತಿ ಆರಂಭಿಸಿದರು. ರೋಗಿಗಳ ಸಾವನ್ನು ಕಣ್ಣಾರೆ ನೋಡಲು ಅವರ ಮೃದು ಮನಸ್ಸಿಗೆ ಆಗಲಿಲ್ಲ. ಹಾಗಾಗಿ ವಾರ್ಸಾ ಮತ್ತು ವಿಯೆನ್ನಾದಲ್ಲಿ ಕಣ್ಣಿನ ಚಿಕಿತ್ಸೆ ಕಲಿತರು. ಭಾಷೆ ಸಿದ್ಧವಾಗಿದ್ದರೂ ಪುಸ್ತಕ ಅಚ್ಚು ಹಾಕಲು ಕೈಯಲ್ಲಿ ಹಣವಿರಲಿಲ್ಲ. ಆಗ ಅವರ ಕೈಹಿಡಿಯಲಿದ್ದ ಕ್ಲಾರಾ ಸಿಲ್ಬೆರ್ನಿಕ್ ನೆರವಿಗೆ ಬಂದರು. ಆಕೆಯ ತಂದೆ ಸಾಬೂನು ಕಾರ್ಖಾನೆಯ ಮಾಲೀಕರು. ಮಗಳ ಮದುವೆಗೆ ಅವರು ಕೊಟ್ಟ ಹಣದಿಂದ 1887ರ ಜುಲೈ 26ರಂದು ವಾರ್ಸಾದಲ್ಲಿ ಮೊದಲ ಪುಸ್ತಕ ಹೊರಬಂದಿತು. ಎರಡು ವಾರಗಳಲ್ಲಿ ಮದುವೆ ನಡೆಯಿತು. ಲೇಖಕರ ಹೆಸರಿನ ಜಾಗದಲ್ಲಿ ‘ಡಾಕ್ಟರ್ ಎಸ್ಪೆರಾಂಟೊ’ ಎಂದಿತ್ತು. ಭರವಸೆ ಇಟ್ಟುಕೊಂಡವನು ಎಂದು ಅದರ ಅರ್ಥ. ಮುಂದೆ ಅದೇ ಭಾಷೆಯ ಹೆಸರಾಯಿತು.

ಆ ಪುಸ್ತಕದಲ್ಲಿ ಇದ್ದದ್ದು 16 ವ್ಯಾಕರಣ ನಿಯಮಗಳು ಮತ್ತು ಸುಮಾರು 900 ಮೂಲಪದಗಳು ಮಾತ್ರ. ಭಾಷಾ ಶಿಕ್ಷಕರಾದ ನಮಗೆ ಇದನ್ನು ವಿವರಿಸುವುದೇ ಒಂದು ಸಂತೋಷ. ಕನ್ನಡದಲ್ಲಿ ‘ಬರು’ ಎಂಬುದು ‘ಬಂದ’ ಆಗುತ್ತದೆ, ‘ಹೋಗು’ ಎಂಬುದು ‘ಹೋದ’, ‘ಕೊಡು’ ಎಂಬುದು ‘ಕೊಟ್ಟ’. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಇದರಲ್ಲಿ ಎಡವುವುದು ಸಹಜ. ಎಸ್ಪೆರಾಂಟೊದಲ್ಲಿ ವರ್ತಮಾನಕ್ಕೆ ‘ಆಸ್’, ಭೂತಕ್ಕೆ ‘ಇಸ್’, ಭವಿಷ್ಯಕ್ಕೆ ‘ಓಸ್’. ಬರುವುದಕ್ಕೆ ವೆನಾಸ್, ವೆನಿಸ್, ವೆನೋಸ್. ಹೋಗುವುದಕ್ಕೆ ಇರಾಸ್, ಇರಿಸ್, ಇರೋಸ್. ಇದಕ್ಕೆ ಅಪವಾದವೇ ಇಲ್ಲ. ‘ಸಾನಾ’ ಎಂದರೆ ಆರೋಗ್ಯವಾಗಿರುವ. ಮುಂದೆ ‘ಮಾಲ್’ ಸೇರಿಸಿದರೆ ವಿರುದ್ಧಾರ್ಥ: ‘ಮಾಲ್‌ಸಾನಾ’, ಕಾಯಿಲೆಯಾದ. ಕಾಯಿಲೆಯವನು ‘ಮಾಲ್‌ಸಾನೂಲೊ’. ಸ್ಥಳವನ್ನು ಹೇಳಲು ‘ಏಯೊ’, ಅಂದರೆ ನಮ್ಮ ಗ್ರಂಥಾಲಯ, ವಿದ್ಯಾಲಯಗಳಲ್ಲಿರುವ ‘ಆಲಯ’ದಂತೆ. ಆಸ್ಪತ್ರೆ ‘ಮಾಲ್‌ಸಾನುಲೇಯೊ’ ಆಯಿತು! ‘ಲೆರ್ನಿ’ ಎಂದರೆ ಕಲಿಯುವುದು. ಹಾಗಾದರೆ ‘ಲೆರ್ನೇಯೊ’ ಎಂದರೇನು? ಮಕ್ಕಳೇ, ನೀವು ಈಗಾಗಲೇ ಹೇಳಿಬಿಟ್ಟಿರಿ: ಶಾಲೆ.

ಪುಸ್ತಕದ ಜೊತೆ ಚಿಕ್ಕ ಚೀಟಿಗಳೂ ಇದ್ದವು. ಒಂದು ಕೋಟಿ ಜನ ಈ ಭಾಷೆ ಕಲಿಯುತ್ತೇವೆಂದು ಮಾತು ಕೊಟ್ಟರೆ ತಾನೂ ಕಲಿಯುವೆ ಎಂದು ಓದುಗರು ಸಹಿ ಮಾಡಿ ಕಳುಹಿಸಬೇಕಿತ್ತು. ಕೋಟಿ ಚೀಟಿಗಳು ಬರಲೇ ಇಲ್ಲ. ಕೋಟಿಗೆ ಕಾಯದೆ ಕಲಿತವರು ಬಂದರು. 1889ರಲ್ಲಿ ಅಂಥ ಸಾವಿರ ಮಂದಿಯ ಹೆಸರು, ವಿಳಾಸಗಳ ಪುಸ್ತಿಕೆಯನ್ನು ಜಾಮೆನ್‌ಹಾಫರು ಪ್ರಕಟಿಸಿದರು.

ಎಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಭಾಷೆ ಎಲ್ಲರ ಸ್ವತ್ತು, ಅದರ ಮೇಲೆ ತಮಗೆ ಯಾವ ಹಕ್ಕೂ ಇಲ್ಲ ಎಂದು ಜಾಮೆನ್‌ಹಾಫರು ಮೊದಲ ಪುಸ್ತಕದಲ್ಲೇ ಬಿಟ್ಟುಕೊಟ್ಟರು. ಅವರಿಗಿಂತ ಕೆಲವೇ ವರ್ಷ ಮೊದಲು ಜರ್ಮನಿಯ ಪಾದ್ರಿ ಶ್ಲೇಯರ್ ಎಂಬವರು ವೊಲಾಪ್ಯೂಕ್ ಎಂಬ ಭಾಷೆಯನ್ನು ಕಟ್ಟಿದ್ದರು. ಅದಕ್ಕೆ ಅನುಯಾಯಿಗಳೂ ಸಂಘಗಳೂ ಬಹಳ ಇದ್ದವು. ಆದರೆ ಕೊನೆಯ ಮಾತು ತಮ್ಮದೇ ಎಂದು ಶ್ಲೇಯರ್ ಹಟ ಹಿಡಿದರು. ಜಗಳ ಹುಟ್ಟಿ ವೊಲಾಪ್ಯೂಕ್ ಬೇಗನೆ ಮುಳುಗಿತು. ಎಸ್ಪೆರಾಂಟೊದಲ್ಲಿ ಬದಲಾವಣೆ ಬೇಕೆಂಬ ಕೂಗು ಎದ್ದಾಗ ಜಾಮೆನ್‌ಹಾಫರು 1894ರಲ್ಲಿ ತಮ್ಮ ಪತ್ರಿಕೆಯ ಓದುಗರ ಮುಂದೆ ಮತಕ್ಕೆ ಇಟ್ಟರು. ಬದಲಾವಣೆ ಬೇಡ ಎಂದವರೇ ಹೆಚ್ಚು, ಅದನ್ನೇ ಒಪ್ಪಿದರು.

ಇಷ್ಟೆಲ್ಲ ನಡೆದದ್ದು ಬಡತನದ ನಡುವೆ. ಹೆಂಡತಿಯ ಹಣ ಪುಸ್ತಕಗಳಿಗೇ ಕರಗಿತು. ಊರಿಂದೂರಿಗೆ ಅಲೆದು 1898ರಲ್ಲಿ ವಾರ್ಸಾದ ಬಡ ಯಹೂದಿಗಳ ಬೀದಿಯಲ್ಲಿ ನೆಲೆಸಿದರು. ಹಗಲು ಬಡವರ ಕಣ್ಣು ಪರೀಕ್ಷೆ, ರಾತ್ರಿ ದೇಶವಿದೇಶಗಳಿಂದ ಬಂದ ಕಾಗದಗಳಿಗೆ ಉತ್ತರ. ಭಾಷೆ ಅವರ ಪ್ರಾಣವಾಗಿತ್ತು, ಅನ್ನ ಕೊಟ್ಟದ್ದು ಕೊನೆಯವರೆಗೂ ವೈದ್ಯ ವೃತ್ತಿ.

1905ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಬೂಲೋನ್ ಎಂಬ ಕಡಲತೀರದ ಊರಿನಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆಯಿತು. 20 ದೇಶಗಳ 688 ಜನ ಸೇರಿ ದುಭಾಷಿಗಳಿಲ್ಲದೆ ಮಾತನಾಡಿದರು, ನಕ್ಕರು, ನಾಟಕ ಆಡಿದರು. ಫ್ರೆಂಚ್ ಸರ್ಕಾರ ಜಾಮೆನ್‌ಹಾಫರಿಗೆ ಲೀಜನ್ ಆಫ್ ಆನರ್ ಪದಕ ನೀಡಿತು. ಆದರೆ ಅದೇ ಸಮಯದಲ್ಲಿ ಯಹೂದಿ ಸೇನಾಧಿಕಾರಿ ಡ್ರೈಫಸ್ ಪ್ರಕರಣದಿಂದ ಫ್ರಾನ್ಸ್ ಎರಡಾಗಿ ಒಡೆದಿತ್ತು. ಜಾಮೆನ್‌ಹಾಫರು ಯಹೂದಿ ಎಂಬುದು ಎದ್ದು ಕಾಣಬಾರದು ಎಂದು ಅಲ್ಲಿನ ಮುಖಂಡರಿಗೆ ಆತಂಕ. ಎಲ್ಲ ಮತದವರೂ ದೇವರ ಮಕ್ಕಳೇ ಎಂಬ ಭಾವದ ಕೊನೆಯ ಪದ್ಯವನ್ನು ಅವರ ಪ್ರಾರ್ಥನಾ ಗೀತೆಯಿಂದ ಬಿಡಿಸಿದರು. ಭಾಷೆಯ ಸಲುವಾಗಿ ಆ ನೋವನ್ನೂ ಅವರು ನುಂಗಿಕೊಂಡರು. ಮರುವರ್ಷ, 1906ರ ಜೂನ್‌ನಲ್ಲಿ, ಹುಟ್ಟೂರು ಬಿಯಾಲಿಸ್ಟೋಕಿನಲ್ಲೇ ಯಹೂದಿಗಳ ಹತ್ಯಾಕಾಂಡ ನಡೆಯಿತು. ಜಿನೀವಾದ ಸಮ್ಮೇಳನದಲ್ಲಿ ಅವರು ಮೌನ ಮುರಿದು ಅದನ್ನು ಎಲ್ಲರ ಮುಂದೆ ಹೇಳಿದರು.

1907ರಲ್ಲಿ ಎಸ್ಪೆರಾಂಟೊವನ್ನು ಬದಲಿಸಿ ‘ಈಡೊ’ ಎಂಬ ಭಾಷೆಯನ್ನು ಕೆಲವರು ತಂದರು. ಜಾಮೆನ್‌ಹಾಫರ ಪರವಾಗಿ ವಾದಿಸಬೇಕಿದ್ದವರೇ ಆ ಕಡೆ ಸೇರಿದ್ದರು. ಅನೇಕ ಮುಖಂಡರು ಬಿಟ್ಟುಹೋದರೂ ಸಾಮಾನ್ಯ ಜನ ಬಿಡಲಿಲ್ಲ. ಎಲ್ಲರದೂ ಆಗಿದ್ದ ಭಾಷೆಯನ್ನು ಯಾರೂ ಹೊತ್ತುಕೊಂಡು ಹೋಗುವಂತಿರಲಿಲ್ಲ. 1912ರ ಕ್ರಾಕೋ ಸಮ್ಮೇಳನದಲ್ಲಿ ತಮ್ಮನ್ನು ಇನ್ನು ಗುರುವೆಂದು ಕಾಣಬೇಡಿರಿ ಎಂದು ಕೇಳಿಕೊಂಡು ಜಾಮೆನ್‌ಹಾಫರು ವೇದಿಕೆಯಿಂದ ಇಳಿದರು.

1914ರ ಆಗಸ್ಟ್ 2ರಂದು ಪ್ಯಾರಿಸ್ಸಿನಲ್ಲಿ ಸಮ್ಮೇಳನ ಆರಂಭವಾಗಬೇಕಿತ್ತು. 3,700ಕ್ಕೂ ಹೆಚ್ಚು ಜನ ಹೆಸರು ನೋಂದಾಯಿಸಿದ್ದರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಸಿಡಿಯಿತು. ದಾರಿಯಲ್ಲಿ ಜರ್ಮನಿಯ ಕಲೋನ್‌ನಲ್ಲಿ ಸಿಕ್ಕಿಬಿದ್ದ ಜಾಮೆನ್‌ಹಾಫ್ ದಂಪತಿಗಳು ಸ್ವೀಡನ್ ಬಳಸಿಕೊಂಡು ಬಹಳ ಕಷ್ಟದಿಂದ ಮನೆ ಸೇರಿದರು. ಯುದ್ಧದ ನಡುವೆಯೇ, ಪ್ರತಿ ದೇಶವೂ ಅಲ್ಲಿ ಬಾಳುವ ಎಲ್ಲ ಜನರದಾಗಲಿ ಎಂದು ಅವರು ರಾಜತಾಂತ್ರಿಕರಿಗೆ ಮನವಿ ಬರೆದರು. ಯಾರೂ ಕಿವಿಗೊಡಲಿಲ್ಲ. 1917ರ ಏಪ್ರಿಲ್ 14ರಂದು, ಯುದ್ಧ ಮುಗಿಯುವ ಮೊದಲೇ, ವಾರ್ಸಾದಲ್ಲಿ ಹೃದಯರೋಗದಿಂದ ತೀರಿಕೊಂಡರು.

ಅವರ ಮೂವರು ಮಕ್ಕಳನ್ನೂ ಹಿಟ್ಲರನ ಆಡಳಿತ ಕೊಂದಿತು. ತಂದೆಯಂತೆ ಕಣ್ಣಿನ ವೈದ್ಯನಾದ ಆಡಮ್‌ನನ್ನು 1940ರಲ್ಲಿ ಗುಂಡಿಕ್ಕಿದರು. ವೈದ್ಯೆ ಜೋಫಿಯಾ ಮತ್ತು ಹಲವು ದೇಶಗಳಲ್ಲಿ ಎಸ್ಪೆರಾಂಟೊ ಕಲಿಸಿದ ಲಿಡಿಯಾ 1942ರಲ್ಲಿ ಟ್ರೆಬ್ಲಿಂಕಾ ಶಿಬಿರದಲ್ಲಿ ಬಲಿಯಾದರು. ಒಂದು ಭಾಷೆಯಿಂದಲೇ ದ್ವೇಷ ಅಳಿಯುವುದಿಲ್ಲ ಎಂಬ ಕಹಿ ಸತ್ಯವನ್ನು ಇದು ನಮಗೆ ಹೇಳುತ್ತದೆ. ಆದರೂ ಭಾಷೆ ಸಾಯಲಿಲ್ಲ. ಇಂದಿಗೂ ವಿಶ್ವ ಸಮ್ಮೇಳನಗಳು ನಡೆಯುತ್ತವೆ, ಪುಸ್ತಕಗಳು ಬರುತ್ತವೆ, ಅದನ್ನೇ ಮನೆಮಾತಾಗಿ ಆಡಿ ಬೆಳೆದ ಮಕ್ಕಳೂ ಇದ್ದಾರೆ.

ಜಾಮೆನ್‌ಹಾಫರು ಯಾರ ತಾಯ್ನುಡಿಯನ್ನೂ ಕಸಿಯಲು ಬಯಸಲಿಲ್ಲ. ಮನೆಯಲ್ಲಿ ಅವರವರ ಭಾಷೆ, ನಡುವೆ ಎಲ್ಲರಿಗೂ ಸಮನಾದ ಒಂದು ಭಾಷೆ ಎಂಬುದು ಅವರ ಆಶಯ. ಹಲವು ಭಾಷೆಗಳ ಪುಟಗಳು ಅಕ್ಕಪಕ್ಕ ಕುಳಿತಿರುವ ಈ ಸಂಚಿಕೆಯನ್ನು ಓದುವ ನಮಗೆ ಅದು ಬೇಗ ಅರ್ಥವಾಗುತ್ತದೆ. ಇನ್ನೊಂದು ವಿಷಯವನ್ನೂ ಯೋಚಿಸೋಣ. ನಾಡಿಲ್ಲದ, ಸರ್ಕಾರವಿಲ್ಲದ ಎಸ್ಪೆರಾಂಟೊದ ವಿಕಿಪೀಡಿಯದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 4.37 ಕೋಟಿ ಜನರ ತಾಯ್ನುಡಿಯಾದ ಕನ್ನಡದಲ್ಲಿ ಇರುವುದು ಸುಮಾರು ಅದರ ಹತ್ತನೆಯ ಒಂದು ಭಾಗ. ಅವರಿಗೆ ಅದು ಯಾರೂ ಒಪ್ಪಿಸಿದ ಕೆಲಸವಲ್ಲ, ಬಿಡುವಿನ ವೇಳೆಯಲ್ಲಿ ಪ್ರೀತಿಯಿಂದ ಮಾಡಿದ ಕೆಲಸ. ನಮ್ಮ ಮಕ್ಕಳು ಈ ರಜೆಯಲ್ಲಿ ಕನ್ನಡದಲ್ಲಿ ಒಂದೇ ಒಂದು ಪುಟ ಬರೆದರೂ, ಆ ಪುಟವನ್ನು ಮನೆಯ ಹಿರಿಯರು ಜೋಪಾನವಾಗಿ ಎತ್ತಿಟ್ಟರೂ, ಈ ಲೇಖನ ಸಾರ್ಥಕ.