ನಿಮ್ಹಾನ್ಸ್‌ಗೂ ದೇವಸ್ಥಾನಕ್ಕೂ ನಂಟು ತಿಳಿಸಿದ ಹಾಸನದ ಮೇಷ್ಟ್ರು: ಸಾ.ಕೃ. ರಾಮಚಂದ್ರರಾವ್

ಹಾಸನ: ಮನೇಲಿ ಯಾರಿಗಾದರೂ ಮನಸ್ಸಿನ ತೊಂದರೆ ಬಂದರೆ ನಮ್ಮ ಕಡೆ ಎರಡು ದಾರಿ. ಒಂದು ದೇವಸ್ಥಾನ, ಇನ್ನೊಂದು ಬೆಂಗಳೂರಿನ ನಿಮ್ಹಾನ್ಸ್. ಎಷ್ಟೋ ಜನ ಎರಡಕ್ಕೂ ಹೋಗ್ತಾರೆ, ಆದರೆ ಹೊರಗೆ ಬಾಯಿ ಬಿಡಲ್ಲ. ಈ ಎರಡನ್ನೂ ಆಳವಾಗಿ ಓದಿ ಬರೆದವರು ಹಾಸನದಲ್ಲೇ ಹುಟ್ಟಿದ ಪ್ರೊ. ಸಾಲಿಗ್ರಾಮ ಕೃಷ್ಣ ರಾಮಚಂದ್ರರಾವ್.

ಜನಿಸಿದ್ದು 1925ರ ಸೆಪ್ಟೆಂಬರ್ 4ರಂದು. ಓದಿದ್ದು ಮನಃಶಾಸ್ತ್ರ. ಜೊತೆಗೆ ಸಂಸ್ಕೃತ, ಪಾಲಿ ಸೇರಿ ಹಲವು ಭಾಷೆ ಬಲ್ಲವರು.

1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಸೇರಿದಂತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಮೊದಲ ನಿರ್ದೇಶಕರು ಡಾ. ಎಂ.ವಿ. ಗೋವಿಂದಸ್ವಾಮಿ. ಮುಂದೆ ಇದೇ ನಿಮ್ಹಾನ್ಸ್ ಆಯಿತು. ರೋಗಿಗೆ ಔಷಧಿ ಕೊಡುವ ವೈದ್ಯರಷ್ಟೇ ಸಾಲದು, ಕೂರಿಸಿ ಮಾತಾಡಿಸುವ ಮನಃಶಾಸ್ತ್ರಜ್ಞರೂ ಬೇಕು ಅಂತ 1955ರಲ್ಲಿ ಇಬ್ಬರಿಗೂ ಡಿಪ್ಲೊಮಾ ಶಿಕ್ಷಣ ಆರಂಭವಾಯಿತು. ರಾಯರು ಪಾಠ ಹೇಳಿದ್ದು ಈ ಸಂಸ್ಥೆಯಲ್ಲಿ.

ಆಗ ಮನಃಶಾಸ್ತ್ರ ಅಂದರೆ ಇಂಗ್ಲಿಷ್ ಪುಸ್ತಕದ ವಿದ್ಯೆ. ವೇದ, ಯೋಗ, ಬೌದ್ಧ ದರ್ಶನಗಳು ಮನಸ್ಸಿನ ಬಗ್ಗೆ ಏನು ಹೇಳಿವೆ ಎಂಬುದನ್ನು ರಾಯರು ಇಂಗ್ಲಿಷಿನಲ್ಲೇ ಬರೆದರು. ‘ಡೆವಲಪ್‌ಮೆಂಟ್ ಆಫ್ ಸೈಕಲಾಜಿಕಲ್ ಥಾಟ್ ಇನ್ ಇಂಡಿಯಾ’ ಎಂಬ ಆ ಪುಸ್ತಕ 1962ರಲ್ಲಿ ಮೈಸೂರಿನಿಂದ ಹೊರಬಂತು.

ಆಮೇಲೆ ಭಾರತೀಯ ವೈದ್ಯದ ವಿಶ್ವಕೋಶವನ್ನೂ ಸಂಪಾದಿಸಿದರು. ಆಯುರ್ವೇದದ ಚರಕ ಸಂಹಿತೆಯಲ್ಲಿ ಚಿಕಿತ್ಸೆ ಮೂರು ಬಗೆ: ಪೂಜೆ-ಮಂತ್ರ ಒಂದು, ಔಷಧಿ-ಪಥ್ಯ ಇನ್ನೊಂದು, ಕೆಡಕಿನಿಂದ ಮನಸ್ಸನ್ನು ಹಿಂದಕ್ಕೆ ತರುವುದು ಮೂರನೆಯದು. ಆ ಮೂರನೆಯದಕ್ಕೆ ‘ಸತ್ತ್ವಾವಜಯ’ ಅಂತ ಹೆಸರು. ಇವತ್ತಿನ ಆಪ್ತಸಮಾಲೋಚನೆಗೆ ಹತ್ತಿರದ್ದು. ಅಂದರೆ ದೇವರಿಗೆ ಹರಕೆ ಹೊತ್ತವರು ಡಾಕ್ಟರ್ ಹತ್ತಿರ ಹೋಗಬಾರದು ಅಂತ ನಮ್ಮ ಹಳೇ ಶಾಸ್ತ್ರವೂ ಹೇಳಿಲ್ಲ.

ದೇವಸ್ಥಾನದ ಕಡೆಯ ವಿದ್ಯೆಯನ್ನೂ ರಾಯರು ಬಿಡಲಿಲ್ಲ. ಗುಡಿ ಕಟ್ಟುವುದು, ವಿಗ್ರಹ ಮಾಡುವುದು, ಪೂಜೆ ನಡೆಸುವುದು ಹೇಗೆಂದು ತಿಳಿಸುವ ಆಗಮಗಳ ಬಗ್ಗೆ 12 ಸಂಪುಟಗಳ ‘ಆಗಮಕೋಶ’ ರಚಿಸಿದರು. ಹೊಳೆನರಸೀಪುರದ ನರಸಿಂಹಸ್ವಾಮಿ ಗುಡಿಯಲ್ಲೋ, ಅರಕಲಗೂಡು, ಚನ್ನರಾಯಪಟ್ಟಣದ ದೇವಸ್ಥಾನಗಳಲ್ಲೋ ಅರ್ಚಕರು ಮಾಡುವ ಪೂಜೆಯ ಹಿಂದಿನ ಶಾಸ್ತ್ರ ಯಾವುದು ಅಂತ ತಿಳಿಯಬೇಕಾದವರಿಗೆ ಅದು ಕೈದೀಪ.

2006ರ ಫೆಬ್ರುವರಿ 2ರಂದು ರಾಯರು ತೀರಿಕೊಂಡರು. ಅವರು ಪಾಠ ಹೇಳಿದ ನಿಮ್ಹಾನ್ಸ್ ಈಗ ಫೋನಿನಲ್ಲೂ ಸಿಗುತ್ತದೆ. ಅದರ ಉಸ್ತುವಾರಿಯ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹರಕೆ ಇದ್ದರೆ ಇರಲಿ, ಫೋನನ್ನೂ ಮಾಡಿ.