ನೌಕರರ ಮನೆ ಬಾಗಿಲಿಗೇ ಹೋದ ಆಡಳಿತಗಾರ: ಲೆಮ್ಯುಯೆಲ್ ಬೂಲ್‌ವೇರ್

ವೇತನ ಒಪ್ಪಂದದ ಮಾತುಕತೆ ನಡೆದಿರುವಾಗ ಆಡಳಿತ ವರ್ಗವು ಕಾರ್ಮಿಕ ಸಂಘವನ್ನು ದಾಟಿ ನೇರವಾಗಿ ನೌಕರರಿಗೇ ಮೊರೆಯಿಡಬಹುದೇ? ಅಮೆರಿಕದ ಕೈಗಾರಿಕಾ ಇತಿಹಾಸದಲ್ಲಿ ಈ ಪ್ರಶ್ನೆ ಎದ್ದಾಗಲೆಲ್ಲ ನೆನಪಾಗುವ ಹೆಸರು ಲೆಮ್ಯುಯೆಲ್ ರಿಕೆಟ್ಸ್ ಬೂಲ್‌ವೇರ್. ಅವರ ಹೆಸರಿನಿಂದಲೇ ಹುಟ್ಟಿದ ‘ಬೂಲ್‌ವೇರಿಸಂ’ ಎಂಬ ಪದ ಕಾರ್ಮಿಕ ಕಾನೂನಿನ ಪರಿಭಾಷೆಯಲ್ಲಿ ಸೇರಿಹೋಗಿದೆ.

ಬೂಲ್‌ವೇರ್ ಜನಿಸಿದ್ದು 1895ರಲ್ಲಿ, ಕೆಂಟಕಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ ಅವರು ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿ ಸೇವೆ ಸಲ್ಲಿಸಿದರು. ಬಳಿಕ ಬಟ್ಟೆ ಒಗೆಯುವ ಯಂತ್ರಗಳ ಮಾರಾಟ ವಿಭಾಗದಲ್ಲಿ ಹೆಸರು ಮಾಡಿದರು. ಎರಡನೇ ಮಹಾಯುದ್ಧದ ವೇಳೆ ಸರ್ಕಾರದ ಯುದ್ಧ ಉತ್ಪಾದನಾ ಮಂಡಳಿಯಲ್ಲಿ ದುಡಿದು, ಯುದ್ಧದ ಕೊನೆಯ ಹೊತ್ತಿಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯನ್ನು ಸೇರಿದರು.

1946ರಲ್ಲಿ ಆ ಕಂಪನಿಯ ಸುಮಾರು ಒಂದು ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಗಂಟೆಗೆ 10 ಸೆಂಟ್ ಹೆಚ್ಚಳ ಕೊಡಲು ಮುಂದಾಗಿದ್ದ ಕಂಪನಿ ಕೊನೆಗೆ 18.5 ಸೆಂಟ್‌ಗೆ ಒಪ್ಪಬೇಕಾಯಿತು. ಬೂಲ್‌ವೇರ್ ಉಸ್ತುವಾರಿಯಲ್ಲಿದ್ದ ಅಂಗಸಂಸ್ಥೆಗಳು ಮಾತ್ರ ಈ ಬಿರುಗಾಳಿಯಿಂದ ಪಾರಾದವು. ಮರುವರ್ಷ ನೌಕರರ ಸಂಬಂಧಗಳ ಹೊಣೆ ಉಪಾಧ್ಯಕ್ಷರಾದ ಅವರ ಹೆಗಲೇರಿತು.

ಮಾರಾಟಗಾರನ ಕಣ್ಣಿಗೆ ಈ ಸೋಲಿನ ಕಾರಣ ಸ್ಪಷ್ಟವಾಗಿ ಕಂಡಿತು. ಕಂಪನಿ ತನ್ನ ಸರಕನ್ನು ಗ್ರಾಹಕರಿಗೆ ಮಾರುವಷ್ಟು ಶ್ರದ್ಧೆಯಿಂದ ತನ್ನ ಉದ್ಯೋಗವನ್ನು ನೌಕರರಿಗೆ ಮಾರುತ್ತಿಲ್ಲ ಎಂಬುದು ಅವರ ನಿಲುವು. ಕಡಿಮೆ ಹೇಳಿ ಆಮೇಲೆ ಏರಿಸುವ ಚೌಕಾಸಿಯಿಂದ ಕೀರ್ತಿಯೆಲ್ಲ ಸಂಘದ ಪಾಲಾಗುತ್ತದೆ ಎಂದು ಅವರು ಬಗೆದರು. ಹೀಗಾಗಿ ಮೊದಲೇ ಸಮೀಕ್ಷೆ ನಡೆಸಿ, ಲೆಕ್ಕ ಹಾಕಿ, ಕಂಪನಿಯಿಂದ ಸಾಧ್ಯವಾದುದೆಲ್ಲವನ್ನೂ ಒಂದೇ ಪ್ರಸ್ತಾವದಲ್ಲಿ ಮುಂದಿಡುವ ಪದ್ಧತಿ ಬಂತು. ಹೊಸ ಮಾಹಿತಿ ದೊರೆತರೆ ಅದು ಬದಲಾಗಬಹುದಿತ್ತು. ಮುಷ್ಕರದ ಬೆದರಿಕೆಗಾಗಿ ಅಲ್ಲ. ಕಾರ್ಖಾನೆಯ ಪತ್ರಿಕೆಗಳು, ಮನೆಗೆ ಬರುವ ಪತ್ರಗಳು, ಊರಿನ ಪತ್ರಿಕೆಗಳ ಜಾಹೀರಾತುಗಳು ಹಾಗೂ ಮೇಲ್ವಿಚಾರಕರ ಮೂಲಕ ಆ ಪ್ರಸ್ತಾವ ನೌಕರರನ್ನು ತಲುಪುತ್ತಿತ್ತು.

ಸಂಘಗಳಿಗೆ ಇದು ಬೇರೆಯಾಗಿಯೇ ಕಂಡಿತು. ತೀರ್ಮಾನವೆಲ್ಲ ಮೊದಲೇ ಆಗಿದ್ದರೆ ಮಾತುಕತೆಯ ಮೇಜಿನೆದುರು ಕುಳಿತು ಫಲವೇನು? ತಾವು ಆರಿಸಿದ ಪ್ರತಿನಿಧಿಗಳು ಕೈಲಾಗದವರು ಎಂದು ಕಾರ್ಮಿಕರಿಗೆ ಮನವರಿಕೆ ಮಾಡುವುದೇ ಇದರ ಉದ್ದೇಶ ಎಂದು ಅವು ದೂರಿದವು.

ಈ ಹಗ್ಗಜಗ್ಗಾಟ ತಾರಕಕ್ಕೇರಿದ್ದು 1960ರಲ್ಲಿ. ಜೇಮ್ಸ್ ಕ್ಯಾರಿ ನೇತೃತ್ವದ ವಿದ್ಯುತ್ ಕಾರ್ಮಿಕರ ಸಂಘ ಹೂಡಿದ ಮುಷ್ಕರ ಮೂರು ವಾರಗಳಲ್ಲಿ ಕುಸಿದು, ಸಂಘ ಬಹುಪಾಲು ಕಂಪನಿಯ ಷರತ್ತುಗಳಿಗೇ ತಲೆಬಾಗಿತು. ಆದರೆ ವಿವಾದ ಅಲ್ಲಿಗೆ ಮುಗಿಯಲಿಲ್ಲ. ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿ 1964ರಲ್ಲಿ, ಮೇಲ್ಮನವಿ ನ್ಯಾಯಾಲಯ 1969ರ ಅಕ್ಟೋಬರ್‌ನಲ್ಲಿ ಕಂಪನಿಯ ವಿರುದ್ಧ ತೀರ್ಪಿತ್ತವು. ಅದೇ ತಿಂಗಳು ಹಲವು ಸಂಘಗಳು ಒಗ್ಗೂಡಿ ಆರಂಭಿಸಿದ ಮುಷ್ಕರ ನೂರು ದಿನಗಳನ್ನೂ ಮೀರಿ ನಡೆಯಿತು.

ತೀರ್ಪಿನ ಸೂಕ್ಷ್ಮವನ್ನು ಗಮನಿಸಬೇಕು. ನೌಕರರೊಡನೆ ಮಾತನಾಡುವುದೇ ತಪ್ಪೆಂದು ನ್ಯಾಯಾಲಯ ಹೇಳಲಿಲ್ಲ. 1947ರ ಟಾಫ್ಟ್-ಹಾರ್ಟ್ಲಿ ಕಾಯ್ದೆ ಮಾಲೀಕರ ಅಭಿಪ್ರಾಯ ಸ್ವಾತಂತ್ರ್ಯವನ್ನು ಕಾಪಾಡಿತ್ತು. ದೃಢ ನಿಲುವೂ ಅಪರಾಧವಲ್ಲ. ಆದರೆ ಬದಲಾಗುವುದಿಲ್ಲವೆಂದು ಊರಿಗೆಲ್ಲ ಸಾರಿ ಹಿಂದೆ ಸರಿಯುವ ದಾರಿಯನ್ನು ತಾನೇ ಮುಚ್ಚಿಕೊಳ್ಳುವುದು, ಕೇಳಿದ ಮಾಹಿತಿ ಕೊಡದಿರುವುದು, ಕೇಂದ್ರ ಸಂಘವನ್ನು ಬಿಟ್ಟು ಸ್ಥಳೀಯ ಘಟಕಗಳೊಡನೆ ವ್ಯವಹರಿಸುವುದು - ಇವೆಲ್ಲ ಒಟ್ಟಾದಾಗ ಸದ್ಭಾವನೆಯ ಮಾತುಕತೆ ಉಳಿಯುವುದಿಲ್ಲ ಎಂಬುದು ತೀರ್ಪಿನ ಸಾರ. ತಿಳಿಸುವುದಕ್ಕೂ ಸಂಘವನ್ನು ಬದಿಗೊತ್ತಿ ವ್ಯವಹರಿಸುವುದಕ್ಕೂ ನಡುವಿನ ಗೆರೆ ಹೀಗೆ ಮೂಡಿತು.

1961ರಲ್ಲಿ ನಿವೃತ್ತರಾದ ಬೂಲ್‌ವೇರ್ 1990ರಲ್ಲಿ ಫ್ಲೋರಿಡಾದಲ್ಲಿ ನಿಧನರಾದರು. 1954ರಿಂದ 1962ರವರೆಗೆ ಕಂಪನಿಯ ಪರವಾಗಿ ಕಾರ್ಖಾನೆಗಳನ್ನು ಸುತ್ತಿ ಭಾಷಣ ಮಾಡಿದ ನಟ ರೊನಾಲ್ಡ್ ರೇಗನ್ ಮುಂದೆ ದೇಶದ ಅಧ್ಯಕ್ಷರಾದುದನ್ನು ಅವರು ಕಣ್ಣಾರೆ ಕಂಡರು. ಕಾರ್ಮಿಕನ ಮಾತನ್ನು ಮೊದಲು ಕೇಳಬೇಕೆಂದು ಹೊರಟ ಅವರು, ಆ ಕಾರ್ಮಿಕನೇ ಆರಿಸಿಕೊಂಡ ದನಿಗೆ ಕಿವಿಗೊಡಲಿಲ್ಲ ಎಂಬ ಆಕ್ಷೇಪ ಮಾತ್ರ ಅವರ ಹೆಸರಿನೊಂದಿಗೇ ಉಳಿದುಬಿಟ್ಟಿತು.