ವಾಹನಶಿಲ್ಪಿ ಕಾಲಿನ್ ಚಾಪ್‌ಮನ್

ಹೊರೆ ಸಾಗಿಸುವ ಗಾಡಿ ಬೇರೆ, ಓಟದ ಗಾಡಿ ಬೇರೆ. ಹರದನಹಳ್ಳಿಯ ಹೊಲಗಳಿಂದ ಚಾಮರಾಜನಗರಕ್ಕೆ ಫಸಲನ್ನು ಹೊತ್ತು ಸಾಗುವ ಎತ್ತಿನ ಗಾಡಿಗೆ ದಪ್ಪನೆಯ ಮೂಕಿ, ಭಾರವಾದ ಚಕ್ರಗಳು, ಗಟ್ಟಿಮುಟ್ಟಾದ ಹಲಗೆಗಳು ಬೇಕು. ಸ್ಪರ್ಧೆಗೆ ಇಳಿಯುವ ಗಾಡಿಯಾದರೋ ಹಗುರವಾಗಿರಬೇಕು. ಎತ್ತುಗಳ ಬಲವೆಲ್ಲ ವೇಗಕ್ಕೇ ಒದಗಬೇಕು. ಆದರೆ ಅದು ತೀರ ಹಗುರವಾದರೆ ತಿರುವಿನಲ್ಲಿ ಅಚ್ಚು ಮುರಿದು, ಗಾಡಿ ಹೊಡೆಯುವವನ ಪ್ರಾಣಕ್ಕೇ ಸಂಚಕಾರ ಬಂದೀತು. ರೈತನು ಅನುಭವದಿಂದ ಅರಿತ ಈ ಸತ್ಯವನ್ನು ಮೋಟಾರು ವಾಹನಕ್ಕೆ ಅನ್ವಯಿಸಿ, ಯಾರಿಗೂ ಬೇಡವಾದ ಒಂದು ಹಳೆಯ ಕಾರಿನಿಂದ ಆರಂಭಿಸಿ ಜಗದ್ವಿಖ್ಯಾತರಾದವರು ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್.

ಚಾಪ್‌ಮನ್ನರು 1928ನೆಯ ಇಸವಿ ಮೇ 19ರಂದು ಲಂಡನ್ನಿನ ಸಮೀಪದ ರಿಚ್ಮಂಡ್ ಎಂಬಲ್ಲಿ ಜನಿಸಿದರು. ಅವರ ತಂದೆ ಉತ್ತರ ಲಂಡನ್ನಿನ ಹಾರ್ನ್ಸಿ ಎಂಬಲ್ಲಿ ರೈಲ್ವೆ ಹೋಟೆಲ್ ಎಂಬ ಹೋಟೆಲನ್ನು ನಡೆಸುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ತರುಣ ಚಾಪ್‌ಮನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿ ಎಂಜಿನಿಯರಿಂಗ್ ವ್ಯಾಸಂಗವನ್ನು ಕೈಗೊಂಡರು. ಸೇತುವೆ, ಕಟ್ಟಡ ಮೊದಲಾದ ರಚನೆಗಳು ಭಾರವನ್ನು ಹೇಗೆ ತಾಳಿಕೊಳ್ಳುತ್ತವೆ ಎಂಬುದು ಅವರ ಅಧ್ಯಯನದ ವಿಷಯವಾಗಿತ್ತು. ಕಡೆಯ ಪರೀಕ್ಷೆಯಲ್ಲಿ ಗಣಿತ ಅವರ ಕೈಹಿಡಿಯಲಿಲ್ಲ. ಅವರು ಎದೆಗುಂದದೆ ಮರುವರ್ಷ ಮತ್ತೆ ಪರೀಕ್ಷೆಗೆ ಕುಳಿತು ಪದವಿಯನ್ನು ಪಡೆದರು. ವಿದ್ಯಾರ್ಥಿಗಳ ವೈಮಾನಿಕ ದಳದಲ್ಲಿ ವಿಮಾನ ಹಾರಿಸುವುದನ್ನೂ ಕಲಿತರು.

ಯುದ್ಧದಿಂದ ಬಳಲಿದ್ದ ಇಂಗ್ಲೆಂಡಿನಲ್ಲಿ ಆಗ ಹೊಸ ಕಾರುಗಳು ಜನಸಾಮಾನ್ಯರಿಗೆ ದೊರೆಯುವುದು ದುರ್ಲಭವಾಗಿತ್ತು. ಹಳೆಯ ಕಾರುಗಳಿಗೆ ಒಳ್ಳೆಯ ಬೆಲೆಯಿತ್ತು. ಚಾಪ್‌ಮನ್ನರು ಸಹಪಾಠಿಯೊಬ್ಬನೊಡನೆ ಸೇರಿ ಅಂಥ ಕಾರುಗಳನ್ನು ಕೊಂಡು, ದುರಸ್ತಿ ಮಾಡಿ ಮಾರಿ, ವಿದ್ಯಾರ್ಥಿದೆಸೆಯಲ್ಲಿಯೇ ನಾಲ್ಕು ಕಾಸು ಸಂಪಾದಿಸತೊಡಗಿದರು. ಆದರೆ 1947ರಲ್ಲಿ ಸರ್ಕಾರವು ಸಾಮಾನ್ಯರಿಗೆ ಕೊಡುತ್ತಿದ್ದ ಪೆಟ್ರೋಲ್ ಪಡಿತರವನ್ನು ನಿಲ್ಲಿಸಿತು. ಪೆಟ್ರೋಲ್ ಇಲ್ಲದ ಮೇಲೆ ಕಾರು ಯಾರಿಗೆ ಬೇಕು? ಬೆಲೆಗಳು ಒಮ್ಮೆಲೇ ಕುಸಿದವು. ಗಳಿಸಿದ ಹಣವೆಲ್ಲ ಕರಗಿಹೋಯಿತು. ಕೊನೆಗೆ ಉಳಿದದ್ದು ಯಾರೂ ಕೊಳ್ಳಲೊಲ್ಲದ ಒಂದು ಹಳೆಯ ಆಸ್ಟಿನ್ ಸೆವೆನ್ ಕಾರು ಮಾತ್ರ.

ಆಸ್ಟಿನ್ ಸೆವೆನ್ ಬಡವರ ಕಾರೆಂದು ಹೆಸರಾಗಿತ್ತು. 1922ರಿಂದ 1939ರವರೆಗೆ ಅಂಥ ಸುಮಾರು 2,90,000 ಕಾರುಗಳು ತಯಾರಾಗಿದ್ದವು. ಅದರ ಎಂಜಿನ್ನಿನ ಗಾತ್ರ ಕೇವಲ 747 ಘನ ಸೆಂಟಿಮೀಟರ್. ಮನೆಮಂದಿಯನ್ನು ಕೂರಿಸಿಕೊಂಡು ನಿಧಾನವಾಗಿ ಸಾಗಲು ಅದು ತಕ್ಕುದಾಗಿತ್ತೇ ಹೊರತು ಪಂದ್ಯಕ್ಕೆ ಹೇಳಿದ್ದಲ್ಲ. ಚಾಪ್‌ಮನ್ನರು ಆ ಕಾರನ್ನು ಗುಜರಿಗೆ ಹಾಕದೆ, ತಮ್ಮ ಭಾವಿ ಪತ್ನಿ ಹೇಜಲ್ ವಿಲಿಯಮ್ಸ್ ಅವರ ಮನೆಯ ಹಿಂದಿದ್ದ ಪುಟ್ಟ ಗ್ಯಾರೇಜಿನಲ್ಲಿ ಬಿಚ್ಚಿ ಹರಡಿದರು. ಭಾರವಾದ ಮೇಲುಕವಚವನ್ನು ತೆಗೆದುಹಾಕಿದರು. ಬಾಗುತ್ತಿದ್ದ ತಳಚೌಕಟ್ಟಿಗೆ ತಗಡನ್ನು ಜೋಡಿಸಿ, ಅದು ಪೆಟ್ಟಿಗೆಯಂತೆ ಬಿಗಿಯಾಗಿ ನಿಲ್ಲುವಂತೆ ಮಾಡಿದರು. ಅದರ ಮೇಲೆ, ವಿಮಾನಗಳ ನಿರ್ಮಾಣದಲ್ಲಿ ಬಳಸುವಂತೆ, ಅಲ್ಯೂಮಿನಿಯಂ ಹೊದಿಸಿದ ತೆಳುವಾದ ಪ್ಲೈವುಡ್ಡಿನ ಮೈಯನ್ನು ಕಟ್ಟಿದರು. ಹೇಜಲ್ ಕೆಲಸದಲ್ಲಿ ಹೆಗಲು ಕೊಟ್ಟರು. 1948ರಲ್ಲಿ ಸಿದ್ಧವಾದ ಈ ವಾಹನವು ಕೆಸರಿನ ದಿಣ್ಣೆಗಳನ್ನು ಏರುವ ಹವ್ಯಾಸಿಗಳ ಸ್ಪರ್ಧೆಗಳಲ್ಲಿ ಬಹುಮಾನಗಳನ್ನು ಗಳಿಸಿತು. ಚಾಪ್‌ಮನ್ನರು ಅದಕ್ಕೆ ಲೋಟಸ್, ಎಂದರೆ ಕಮಲ, ಎಂದು ಹೆಸರಿಟ್ಟರು. ಹೆಸರಿನ ಕಾರಣವನ್ನು ಅವರು ಲೋಕಕ್ಕೆ ತಿಳಿಸಲಿಲ್ಲ. ಕೆಸರಿನಲ್ಲಿ ಗೆಲುವನ್ನು ಕಂಡ ಆ ಕಾರಿಗೆ ಕಮಲವೆಂಬ ಹೆಸರು ಒಪ್ಪುವಂಥದೇ ಆಗಿತ್ತು.

ವೇಗವನ್ನು ಹೆಚ್ಚಿಸಬೇಕಾದರೆ ದೊಡ್ಡ ಎಂಜಿನ್ ಬೇಕೆಂಬುದು ಅಂದಿನ ಸಾಮಾನ್ಯ ನಂಬಿಕೆ. ಚಾಪ್‌ಮನ್ನರ ವಿಚಾರಸರಣಿ ಬೇರೆ. ನ್ಯೂಟನ್ನನ ಎರಡನೆಯ ನಿಯಮದಂತೆ, ಬಲವು ಅಷ್ಟೇ ಇದ್ದು ದ್ರವ್ಯರಾಶಿ ಕಡಿಮೆಯಾದರೆ ವೇಗೋತ್ಕರ್ಷ ಹೆಚ್ಚುತ್ತದೆ. ದೊಡ್ಡ ಎಂಜಿನ್ನಿನ ಪ್ರಯೋಜನ ಮುಖ್ಯವಾಗಿ ನೇರವಾದ ಹಾದಿಯಲ್ಲಿ. ಹಗುರವಾದ ಕಾರಾದರೋ ಬೇಗ ವೇಗವನ್ನು ಪಡೆಯುತ್ತದೆ, ಬೇಗ ನಿಲ್ಲುತ್ತದೆ, ತಿರುವನ್ನು ಸಲೀಸಾಗಿ ದಾಟುತ್ತದೆ. ಆದಕಾರಣ ಒಂದೊಂದು ಭಾಗವನ್ನೂ ಪರೀಕ್ಷಿಸಿ, ಇದು ಅವಶ್ಯವೇ, ಅವಶ್ಯವಾದರೆ ಇಷ್ಟು ಭಾರ ಬೇಕೇ, ಒಂದೇ ಭಾಗದಿಂದ ಎರಡು ಕೆಲಸಗಳನ್ನು ಮಾಡಿಸಬಹುದೇ ಎಂದು ಪ್ರಶ್ನಿಸುವುದು ಅವರ ಪದ್ಧತಿಯಾಯಿತು. ಇಡಿಯಾಗಿದ್ದ ಮುಂದಿನ ಅಚ್ಚನ್ನು ನಡುವೆ ಕತ್ತರಿಸಿ ಕೀಲು ಹಾಕಿದರು; ಒಂದು ಚಕ್ರ ಹಳ್ಳಕ್ಕೆ ಇಳಿದರೂ ಇನ್ನೊಂದು ಕದಲದಂತಾಯಿತು.

ಆಸ್ಟಿನ್ ಸೆವೆನ್ ಪ್ರಿಯರಿಗಾಗಿ ಇಂಗ್ಲೆಂಡಿನಲ್ಲಿ 1939ರಲ್ಲಿಯೇ 750 ಮೋಟಾರ್ ಕ್ಲಬ್ ಎಂಬ ಸಂಸ್ಥೆ ಹುಟ್ಟಿತ್ತು. ಅಲ್ಪ ಹಣವುಳ್ಳವರೂ ಪಂದ್ಯದಲ್ಲಿ ಭಾಗವಹಿಸಬೇಕೆಂಬ ಸದುದ್ದೇಶದಿಂದ, ಹಳೆಯ ಆಸ್ಟಿನ್ನಿನ ಚೌಕಟ್ಟು ಮತ್ತು ಎಂಜಿನ್ನುಗಳನ್ನೇ ಆಧರಿಸಿದ ಕಾರುಗಳಿಗೆ ಅದು ಯುದ್ಧಾನಂತರ ಪ್ರತ್ಯೇಕ ಪಂದ್ಯಗಳನ್ನು ಏರ್ಪಡಿಸಿತು. ಆ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿದ್ದರೂ ಇಂಧನಮಿಶ್ರಿತ ಗಾಳಿ ಒಳಹೋಗಲು ಇದ್ದ ದ್ವಾರಗಳು ಎರಡೇ. ಎರಡೆರಡು ಸಿಲಿಂಡರುಗಳು ಒಂದೊಂದು ದ್ವಾರಕ್ಕಾಗಿ ಪೈಪೋಟಿ ನಡೆಸಬೇಕಾಗಿತ್ತು. ಚಾಪ್‌ಮನ್ನರು 1951ರಲ್ಲಿ ತಮ್ಮ ಮೂರನೆಯ ಕಾರನ್ನು ಕಟ್ಟುವಾಗ ಪ್ರತಿಯೊಂದು ದ್ವಾರದೊಳಗೂ ತೆಳುವಾದ ಅಡ್ಡಗೋಡೆಯನ್ನಿಟ್ಟು ಎರಡನ್ನು ನಾಲ್ಕಾಗಿಸಿದರು. ಆ ಕಾರು ಪ್ರತಿಸ್ಪರ್ಧಿಗಳನ್ನು ಎಷ್ಟು ಹಿಂದೆ ಹಾಕಿತೆಂದರೆ, ಕ್ಲಬ್ಬು ತನ್ನ ನಿಯಮಗಳನ್ನೇ ತಿದ್ದಿ ಆ ಉಪಾಯವನ್ನು ನಿಷೇಧಿಸಬೇಕಾಯಿತು!

ತಮಗೂ ಅಂಥ ಕಾರು ಬೇಕೆಂದು ಕೇಳುವವರು ಹೆಚ್ಚಿದರು. 1952ರ ಜನವರಿ 1ರಂದು, ಹೇಜಲ್ ಸಾಲವಾಗಿ ಕೊಟ್ಟ 25 ಪೌಂಡುಗಳೇ ಬಂಡವಾಳವಾಗಿ, ತಂದೆಯ ಹೋಟೆಲಿನ ಹಿಂದಿದ್ದ ಹಳೆಯ ಕುದುರೆಲಾಯದಲ್ಲಿ ಲೋಟಸ್ ಸಂಸ್ಥೆ ಆರಂಭವಾಯಿತು. ಚಾಪ್‌ಮನ್ನರು ಹಗಲು ಅಲ್ಯೂಮಿನಿಯಂ ಕಂಪನಿಯೊಂದರಲ್ಲಿ ನೌಕರಿ ಮಾಡುತ್ತ, ಸಂಜೆಯಿಂದ ನಡುರಾತ್ರಿಯವರೆಗೆ ಲಾಯದಲ್ಲಿ ದುಡಿಯುತ್ತಿದ್ದರು. ಅಲ್ಲಿ ತಯಾರಾದ ಆರನೆಯ ಮಾದರಿಯ ಬರಿಯ ಚೌಕಟ್ಟಿನ ತೂಕ ಸುಮಾರು 25 ಕಿಲೋಗ್ರಾಂ. ಗ್ರಾಹಕರು ಅದನ್ನು ಕೊಂಡೊಯ್ದು, ಹಳೆಯ ಫೋರ್ಡ್ ಕಾರಿನ ಎಂಜಿನ್, ಅಚ್ಚು ಮುಂತಾದುವನ್ನು ತಾವೇ ಜೋಡಿಸಿಕೊಳ್ಳಬಹುದಾಗಿತ್ತು. ಸಿರಿವಂತರ ಸ್ವತ್ತಾಗಿದ್ದ ಮೋಟಾರು ಪಂದ್ಯವು ಗುಮಾಸ್ತರಿಗೂ ಮೆಕ್ಯಾನಿಕ್ಕುಗಳಿಗೂ ಎಟುಕುವಂತಾಯಿತು. 1954ರಲ್ಲಿ ಚಾಪ್‌ಮನ್ನರು ಹೇಜಲ್ ಅವರನ್ನು ವಿವಾಹವಾದರು. 1957ರಲ್ಲಿ ಹೊರಬಂದ ಲೋಟಸ್ ಸೆವೆನ್ ಕಾರಿನ ವಿನ್ಯಾಸವು ಕೇಟರ್‌ಹ್ಯಾಮ್ ಎಂಬ ಹೆಸರಿನಲ್ಲಿ ಇಂದಿಗೂ ಉಳಿದುಬಂದಿದೆ.

ಲೋಟಸ್ ಸಂಸ್ಥೆ 1958ರಲ್ಲಿ ಮೋಟಾರು ಪಂದ್ಯಗಳಲ್ಲೆಲ್ಲ ಶ್ರೇಷ್ಠವೆನಿಸಿದ ಫಾರ್ಮುಲಾ ಒನ್ ಕಣವನ್ನು ಪ್ರವೇಶಿಸಿತು. 1962ರಲ್ಲಿ ಚಾಪ್‌ಮನ್ನರು ಒಳಚೌಕಟ್ಟನ್ನೇ ಕೈಬಿಟ್ಟು, ತಗಡಿನ ಮೈಯೇ ಭಾರವನ್ನು ಹೊರುವ ಕಾರನ್ನು ರೂಪಿಸಿದರು. ಅಂಥ ಲೋಟಸ್ ಕಾರುಗಳಲ್ಲಿ ಜಿಮ್ ಕ್ಲಾರ್ಕ್ 1963 ಮತ್ತು 1965ರಲ್ಲಿ ವಿಶ್ವವಿಜೇತನಾದನು. 1978ರ ಕಾರಿನ ತಳಭಾಗಕ್ಕೆ ತಲೆಕೆಳಗಾದ ವಿಮಾನದ ರೆಕ್ಕೆಯ ಆಕಾರವನ್ನು ಕೊಡಲಾಗಿತ್ತು. ವಿಮಾನವನ್ನು ಮೇಲೆತ್ತುವ ಗಾಳಿಯೇ ಈ ಕಾರನ್ನು ನೆಲಕ್ಕೆ ಒತ್ತಿಹಿಡಿಯುತ್ತಿತ್ತು. 1963ರಿಂದ 1978ರವರೆಗೆ ಲೋಟಸ್ ಏಳು ಸಲ ನಿರ್ಮಾಪಕರ ವಿಶ್ವಪ್ರಶಸ್ತಿಯನ್ನು ಗಳಿಸಿತು.

ಆದರೆ ಈ ಕೀರ್ತಿಗೆ ನೆರಳೂ ಉಂಟು. ಭಾರವನ್ನು ಕಳೆಯುತ್ತ ಹೋದಂತೆ ಬಲವೂ ಒಮ್ಮೊಮ್ಮೆ ಕಳೆದುಹೋಗುತ್ತದೆ. ಲೋಟಸ್ ಕಾರುಗಳು ವೇಗವಾದುವೇನೋ ಹೌದು, ದುರ್ಬಲವೂ ಹೌದು ಎಂಬ ಅಳಲು ಚಾಲಕರಲ್ಲಿತ್ತು. 1968ರಲ್ಲಿ ಚಾಪ್‌ಮನ್ನರ ಆಪ್ತಮಿತ್ರನಾಗಿದ್ದ ಜಿಮ್ ಕ್ಲಾರ್ಕ್ ಜರ್ಮನಿಯ ಪಂದ್ಯವೊಂದರಲ್ಲಿ ಮಡಿದಾಗ ಅವರು ದುಃಖದಿಂದ ಕುಗ್ಗಿಹೋದರು. ಜೋಕೆನ್ ರಿಂಟ್ ಎಂಬ ಚಾಲಕನು ಕಾರುಗಳ ದೃಢತೆಯ ಬಗ್ಗೆ ತನಗಿದ್ದ ಆತಂಕವನ್ನು ಚಾಪ್‌ಮನ್ನರಿಗೆ ಪತ್ರ ಮುಖೇನ ತಿಳಿಸಿದ್ದನು. 1970ರ ಸೆಪ್ಟೆಂಬರ್ 5ರಂದು ಇಟಲಿಯ ಮೋಂಟ್ಸಾದಲ್ಲಿ ಅಭ್ಯಾಸದ ವೇಳೆ ಆತನು ಅಪಘಾತಕ್ಕೆ ಬಲಿಯಾದನು. ಬ್ರೇಕಿನ ದಂಡವೊಂದು ಮುರಿದದ್ದೂ, ಹಾದಿಯ ಬದಿಯ ತಡೆ ಸರಿಯಾಗಿ ನಿಲ್ಲದಿದ್ದುದೂ ತನಿಖೆಯಲ್ಲಿ ಬಯಲಾದುವು. ಆ ವರ್ಷದ ವಿಶ್ವಪ್ರಶಸ್ತಿ ಮೃತನಾದ ರಿಂಟನಿಗೇ ಸಂದಿತು, ಸ್ವೀಕರಿಸಲು ಅವನಿರಲಿಲ್ಲ. ಬೇಡವಾದುದನ್ನು ಬಿಡುವುದು ಜಾಣ್ಮೆ; ಎಲ್ಲಿಗೆ ನಿಲ್ಲಿಸಬೇಕೆಂದು ಅರಿಯುವುದು ಅದಕ್ಕಿಂತ ದೊಡ್ಡ ವಿವೇಕ. ಚಾಪ್‌ಮನ್ನರ ಜೀವನ ಈ ಎರಡು ಪಾಠಗಳನ್ನೂ ಕಲಿಸುತ್ತದೆ.

1982ರ ಡಿಸೆಂಬರ್ 16ರಂದು, ತಮ್ಮ 54ನೆಯ ವಯಸ್ಸಿನಲ್ಲಿ, ಚಾಪ್‌ಮನ್ನರು ಹೃದಯಾಘಾತದಿಂದ ನಿಧನರಾದರು. ಡಿಲೋರಿಯನ್ ಎಂಬ ಕಾರಿನ ವಿನ್ಯಾಸಕ್ಕಾಗಿ ಬಂದ ಹಣ ಅಡ್ಡದಾರಿ ಹಿಡಿದ ಪ್ರಕರಣದಲ್ಲಿ ಅವರ ಹೆಸರಿಗೂ ಕಳಂಕ ತಟ್ಟಿತು. ಪ್ರತಿಭೆಯೊಂದರಿಂದಲೇ ಬಾಳು ಪೂರ್ಣವಾಗದೆಂಬುದಕ್ಕೆ ಇದೂ ಸಾಕ್ಷಿ.

ಚಾಪ್‌ಮನ್ನರು ಗ್ಯಾರೇಜಿನಲ್ಲಿ ಹಿಡಿದ ಹಾದಿ ಒಂದು ದೇಶಕ್ಕೆ ಸೀಮಿತವಾಗಲಿಲ್ಲ. ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಂತೆಯೇ, ಮದರಾಸಿನ ಬಳಿಯ ಶೋಲಾವರಂನಲ್ಲಿಯೂ ಯುದ್ಧಕಾಲದ ವಿಮಾನದ ಹಾದಿಯೇ ಪಂದ್ಯದ ಕಣವಾಯಿತು. ಅಲ್ಲಿ ಹವ್ಯಾಸಿಗಳು ಅಂಬಾಸಡರ್, ಫಿಯಟ್ ಕಾರುಗಳನ್ನು ಮಾರ್ಪಡಿಸಿ ಓಡಿಸಿದರು. ಚಾಮರಾಜನಗರದಿಂದ ದಕ್ಷಿಣಕ್ಕೆ ಹೊರಟು, ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಮುಂದುವರಿದರೆ ಕೊಯಮತ್ತೂರು ಸಿಗುತ್ತದೆ. ಆ ಊರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಯಲ್ಲಿ, ಮನೆಮಂದಿಯ ವಾಹನವಾದ ಮಾರುತಿ 800ರ ಎಂಜಿನ್ನನ್ನು ಹಗುರವಾದ ಚೌಕಟ್ಟಿನಲ್ಲಿ ಕೂರಿಸಿ, ಫಾರ್ಮುಲಾ ಮಾರುತಿ ಎಂಬ ಒಂಟಿ ಆಸನದ ಪಂದ್ಯದ ಕಾರನ್ನು ನಿರ್ಮಿಸಿದರು. 1995ರಲ್ಲಿ ಅವರು ವಿಮಾನ ದುರಂತದಲ್ಲಿ ತೀರಿಕೊಂಡರು. ಅಂಥ ಕಾರಿನಲ್ಲಿ ಮೊದಲ ಪಂದ್ಯಗಳನ್ನು ಓಡಿದ ನಾರಾಯಣ್ ಕಾರ್ತಿಕೇಯನ್, 2005ರಲ್ಲಿ ಫಾರ್ಮುಲಾ ಒನ್ ಕಣಕ್ಕೆ ಇಳಿದ ಮೊದಲ ಭಾರತೀಯನೆನಿಸಿದನು.

ಇಂಥ ಓಟಕ್ಕೆ ಸ್ಥಳ ಕಾವಲಿರುವ ಪಂದ್ಯದ ಕಣವೇ ಹೊರತು ಜನಸಂಚಾರದ ರಸ್ತೆಯಲ್ಲ. ಆದರೆ ಕೈಯಲ್ಲಿರುವ ಅಲ್ಪ ಸಾಧನವನ್ನು ಹಳಿಯದೆ, ಅದರ ಒಳಗುಟ್ಟನ್ನು ಅರಿತು, ದುಡಿಮೆಯಿಂದ ಅದಕ್ಕೆ ಹೊಸ ಜೀವ ಕೊಡುವ ಮನೋಧರ್ಮಕ್ಕೆ ಎಲ್ಲೆಡೆಯೂ ಎಡೆಯುಂಟು. ಕೊಳ್ಳುವವರಿಲ್ಲದೆ ಉಳಿದ ಒಂದು ಹಳೆಯ ಆಸ್ಟಿನ್ನು ಜಗತ್ತಿನ ಮೋಟಾರು ಪಂದ್ಯಗಳ ಗತಿಯನ್ನೇ ಬದಲಿಸಿದ್ದು ಅಂಥ ಮನೋಧರ್ಮದಿಂದ.